ಮೂವತ್ತೊಂದು ನೀಲಿ ಬಿಲ್ಲೆಗಳು

ಅಕ್ಟೋಬರ್ 3, ಗುರುವಾರ. ಬೆಳಿಗ್ಗೆ 8.20ಕ್ಕೆ ಟಾಲ್‌ಮನ್ ಕೌಂಟಿಯ ಶೆರಿಫ್ ಠಾಣೆಗೆ ದೂರು ಬಂತು. ದೂರುದಾರಳು ಲೊರೆಟಾ ಹ್ಯಾಸ್ಕಿನ್ಸ್, ವಯಸ್ಸು 44. ಉತ್ತರ ಕ್ಯಾಲಿಫೋರ್ನಿಯಾದ ಆ ಗುಡ್ಡಗಳಲ್ಲಿ ಸರ್ಕಾರದ ಪರವಾನಗಿ ಪಡೆದು ಗಾಂಜಾ ಬೆಳೆಯುವವಳು.

"ಏನು ಕಳುವಾಗಿದೆ?" ಸಾರ್ಜೆಂಟ್ ಇನೆಜ್ ಬರಗಾನ್ ಕೇಳಿದಳು.

"ಬಿಲ್ಲೆ."

"ಗಿಡ?"

"ಒಂದು ಎಲೆನೂ ಹೋಗಿಲ್ಲ. ಕಾಂಡಕ್ಕೆ ಕಟ್ಟಿದ್ದ ನೀಲಿ ಬಿಲ್ಲೆ ಮಾತ್ರ. ಮೂವತ್ತೊಂದು."

ಇನೆಜ್ ಬರೆದುಕೊಂಡಳು. ಒಂದೊಂದು ಗಿಡಕ್ಕೂ ರಾಜ್ಯ ಬಿಲ್ಲೆಯ ಮೇಲೆ ಒಂದು ಸಂಖ್ಯೆ ಕೊಡುತ್ತದೆ. ಸಂಖ್ಯೆ ಇದ್ದರೆ ಅದು ಬೆಳೆ, ಇಲ್ಲದಿದ್ದರೆ ಅಪರಾಧ.

"ಸೋಮವಾರ ತಪಾಸಣೆಗೆ ಬರ್ತಾರೆ," ಲೊರೆಟಾ ಎಂದಳು. "ಆ ಗಿಡಗಳನ್ನ ಕಡಿಸ್ತಾರೆ. ನನ್ನ ಲೈಸೆನ್ಸೂ ಉಳಿಯೋದು ಅನುಮಾನ."

ಹತ್ತೊಂಬತ್ತು ವರ್ಷದ ನೌಕರಿಯ ಮೊದಲರ್ಧ, ಗಾಂಜಾ ಬೆಳೆಯುವುದೇ ಅಪರಾಧವಾಗಿದ್ದಾಗ, ಇನೆಜ್ ಇದೇ ಗಿಡವನ್ನು ಕಡಿದಿದ್ದಳು, ಈಗ ಕಾಯುತ್ತಿದ್ದಳು. ಎರಡಕ್ಕೂ ಅದೇ ಸಮವಸ್ತ್ರ. ಇದರ ಬಗ್ಗೆ ಯೋಚಿಸುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು.

10.05ಕ್ಕೆ ಲೊರೆಟಾಳ ಹಸಿರುಮನೆಯಲ್ಲಿ ಸ್ಥಳ ಮಹಜರು ಶುರುವಾಯಿತು. ಜೊತೆಗೆ ಡೆಪ್ಯುಟಿ ಟೀಗ್, ಕೆಲಸಕ್ಕೆ ಸೇರಿ ಎರಡು ವರ್ಷವಾದವನು.

"ಗಾಂಜಾ ಬಿಟ್ಟು ಪ್ಲಾಸ್ಟಿಕ್ ಕದಿಯೋ ಕಳ್ಳ ನಮ್ಮ ಕೌಂಟಿಗೇ ಸಿಗಬೇಕು ನೋಡಿ ಸಾರ್ಜೆಂಟ್," ಎಂದ ಅವನು.

"ಎಣಿಸು."

ಕೊನೆಯ ಸಾಲಿನ ಮೂವತ್ತೊಂದು ಗಿಡ. ಬಿಲ್ಲೆಯ ಪಟ್ಟಿಯೇ ಕಾಂಡವನ್ನು ಬಿದಿರು ಕೋಲಿಗೆ ಹಿಡಿದಿಟ್ಟಿತ್ತು. ಅದನ್ನು ಕತ್ತರಿಸಿದ ಮೇಲೆ ಹೂವಿನ ಭಾರಕ್ಕೆ ಗಿಡ ಬಾಗಿ ಮುರಿಯಬೇಕಿತ್ತು, ಮುರಿದಿರಲಿಲ್ಲ. ಪ್ರತಿ ಗಿಡಕ್ಕೂ ಯಾರೋ ಬಟ್ಟೆಯ ಚೂರಿನಿಂದ, ಕಾಂಡಕ್ಕೆ ನೋವಾಗದ ಹಾಗೆ ಸಡಿಲವಾಗಿ ಕಟ್ಟು ಹಾಕಿದ್ದರು.

ಇನೆಜ್ ಮೇಸ್ತ್ರಿ ರುಬೇನನನ್ನು ಕರೆದಳು.

"ಹೀಗೆ ಯಾರು ಕಟ್ತಾರೆ?"

ರುಬೇನ್ ಒಂದು ಕಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ನಿನ್ನನ್ನೇ ಕೇಳಿದ್ದು."

"ಓಪಲ್ ಅಜ್ಜಿ. ನಮಗೆಲ್ಲ ಗಿಡ ಕಟ್ಟೋದು ಕಲಿಸಿದ್ದೇ ಅವರು. ನಿನ್ನೆ ಮಧ್ಯಾಹ್ನದಿಂದ ಕೆಲಸಕ್ಕೆ ಬಂದಿಲ್ಲ."

ಓಪಲ್ ರಂಡ್‌ಕ್ವಿಸ್ಟ್, ವಯಸ್ಸು 71, ವಿಧವೆ. ಸಂಜೆ ಕೌಂಟಿ ಕಚೇರಿಯಲ್ಲಿ ಟೀಗ್ ಒಂದು ದಪ್ಪ ಕಡತ ಹುಡುಕಿ ತಂದ. ಅರ್ಜಿದಾರ ಅವಳ ಗಂಡ ವರ್ಜಿಲ್. ಗಾಂಜಾ ಬೆಳೆಯಲು ಪರವಾನಗಿ ಕೇಳಿ ಏಳು ವರ್ಷ ಓಡಾಡಿದ್ದ. ನೀರಿನ ಆಕ್ಷೇಪಣೆ, ರಸ್ತೆಯ ಆಕ್ಷೇಪಣೆ, ಇಳಿಜಾರಿನ ಆಕ್ಷೇಪಣೆ. ಮಂಜೂರಾದದ್ದು ಈ ವರ್ಷ ಮಾರ್ಚ್ 19ಕ್ಕೆ, ವರ್ಜಿಲ್ ಸತ್ತದ್ದು ಮಾರ್ಚ್ 8ಕ್ಕೆ. ಕೊನೆಯ ಪುಟದಲ್ಲಿ ಷರಾ: "ಅರ್ಜಿದಾರ ಮೃತ. ಕಡತ ಮುಕ್ತಾಯ."

ಶುಕ್ರವಾರ 2.15ಕ್ಕೆ ನ್ಯಾಯಾಧೀಶರು ವಾರಂಟ್‌ಗೆ ಸಹಿ ಮಾಡಿದರು. 3.40ಕ್ಕೆ ಜೀಪು ಮಣ್ಣುದಾರಿ ಹತ್ತಿ ಓಪಲಳ ಮನೆ ತಲುಪಿತು. ಅಂಗಳದ ನಟ್ಟನಡುವೆ, ಮರದ ಮರೆಯಿಲ್ಲದೆ, ಬಿಸಿಲಲ್ಲಿ ಗಿಡಗಳು ನಿಂತಿದ್ದವು. ಟೀಗ್ ಬಿಲ್ಲೆ ಓದುವ ಕೈಯಂತ್ರ ಹಿಡಿದು ಸಾಲುಸಾಲಾಗಿ ನಡೆದ. ಅದು ಮೂವತ್ತೊಂದು ಸಲ ಕೀಚ್ ಎಂದಿತು.

ಓಪಲ್ ಜಗಲಿಯಲ್ಲಿ ಕೂತಿದ್ದಳು, ಏಳಲಿಲ್ಲ.

"ಈ ಬಿಲ್ಲೆ ಎಲ್ಲಿಂದ ಬಂತು, ಮಿಸೆಸ್ ರಂಡ್‌ಕ್ವಿಸ್ಟ್?"

"ಲೊರೆಟಾ ತೋಟದಿಂದ."

"ಯಾವಾಗ ತಂದ್ರಿ?"

"ಬುಧವಾರ. ಎಲ್ಲರೂ ಊಟಕ್ಕೆ ಹೋದಾಗ."

"ಅವಳಿಗೆ ತೊಂದರೆ ಆಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಏನೂ ಅನ್ನಿಸ್ಲಿಲ್ಲ. ಈ ವರ್ಷ ನನಗೆ ಯಾವುದೂ ಏನೂ ಅನ್ನಿಸ್ತಿಲ್ಲ." ಅವಳು ಇನೆಜಳ ಮುಖವನ್ನೇ ನೋಡಿದಳು. "ನೀವು ಹಿಂದೊಮ್ಮೆ ಬಂದಿದ್ರಿ ಇಲ್ಲಿಗೆ."

"ಹೌದು."

"ಮಚ್ಚು ಹಿಡ್ಕೊಂಡು."

"ಹೌದು."

4.10ಕ್ಕೆ ಬಂಧನ. ಮಾತಾಡದೆ ಇರುವ ಹಕ್ಕು ಅವಳಿಗಿದೆ ಎಂದು ಇನೆಜ್ ಓದಿ ಹೇಳಿದಳು, ಕೋಳ ಹಾಕಲಿಲ್ಲ. ಮನೆಬಳಕೆಗೆ ಆರು ಗಿಡ ಬಿಡಲು ಕಾನೂನಿನಲ್ಲಿ ಅವಕಾಶವಿತ್ತು.

"ಯಾವ ಆರು ಬಿಡೋಣ ಅಜ್ಜಿ?" ಟೀಗ್ ಮೆಲ್ಲಗೆ ಕೇಳಿದ.

"ಯಾವುದಾದ್ರೂ."

ಇನೆಜ್ ಜಗಲಿಯ ಹತ್ತಿರದ ಆರು ಬಿಟ್ಟು ಉಳಿದ ಇಪ್ಪತ್ತೈದನ್ನು ತಾನೇ ಕಡಿದಳು. ಕೈಗೆ ಅಂಟು ಮೆತ್ತಿತು. ಏನಾದರೂ ಅನ್ನಿಸೀತೆಂದು ಕಾದಳು, ಅನ್ನಿಸಲಿಲ್ಲ. ಸಮಯ ಬರೆದುಕೊಂಡಳು: 4.55. ಬಿಲ್ಲೆಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು. ಅವು ಸಿಕ್ಕ ಬಗ್ಗೆ ಅಂದೇ ರಾಜ್ಯದ ಇಲಾಖೆಗೆ ವರದಿ ಹೋಯಿತು. ಸೋಮವಾರ ಲೊರೆಟಾಳ ಪರವಾನಗಿ ಉಳಿಯಿತು.

ಶುಕ್ರವಾರ ಸಂಜೆ ಠಾಣೆಯಲ್ಲಿ ಓಪಲ್ ವಕೀಲ ಬೇಡವೆಂದಿದ್ದಳು. ಅವಳ ಹೇಳಿಕೆ ಒಂದು ಪುಟವೂ ಆಗಲಿಲ್ಲ.

"ಮೂವತ್ತಾರು ವರ್ಷ ಮರದ ಕೆಳಗೆ ಕದ್ದು ಬೆಳೆದ್ವಿ. ಪೊಲೀಸರ ಹೆಲಿಕಾಪ್ಟರ್ ಸದ್ದು ಕೇಳಿದ್ರೆ ವರ್ಜಿಲ್ ತುತ್ತು ಬಾಯಲ್ಲಿಟ್ಟುಕೊಂಡೇ ಕೂತಿರೋರು. ಈ ಸಲ ಅಂಗಳದಲ್ಲೇ ಹಾಕೋಣ ಅಂತ ಫೆಬ್ರವರಿಲಿ ಲೋಟಗಳಲ್ಲಿ ಬೀಜ ಹಾಕಿದ್ರು. ಮೊಳಕೆ ಬಂತು. ಎಸೆಯೋಕೆ ಆಗ್ಲಿಲ್ಲ. ಬಿಲ್ಲೆ ಇಲ್ಲದೆ ಅಂಗಳದಲ್ಲಿದ್ರೂ ಬಚ್ಚಿಟ್ಟ ಹಾಗೇ ಕಾಣ್ತಿತ್ತು."

ಇನೆಜ್ ಅದನ್ನು ಓದಿ ಹೇಳಿದಳು. "ಮತ್ತೇನಾದ್ರೂ ಸೇರಿಸಬೇಕಾ?"

ಓಪಲ್ ಹಾಳೆಯ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟಳು.

"ವರ್ಜಿಲ್‌ಗೆ ಲೈಸೆನ್ಸ್ ಬಂದಿತ್ತು ಅಂತ ಬರೀರಿ."

ಇನೆಜ್ ಬರೆದಳು.