ಮೂವತ್ತೇಳನೇ ಮನೆಯ ನಾಲ್ಕನೇ ಎಲೆ

ಮನೆ ನಂಬ್ರ ಮೂವತ್ತೇಳು. ಗೋಡೆ ಮಣ್ಣಿನದು, ಮಾಡು ಮುಳಿಹುಲ್ಲಿನದು, ಕೋಣೆ ಎರಡು, ಜನ ನಾಲ್ಕು.

ಇದರಲ್ಲಿ ಗೋಡೆ, ಮಾಡು, ಕೋಣೆ ಮೂರೂ ಸರಿ. ಜನರ ಲೆಕ್ಕ ಮಾತ್ರ ತಪ್ಪು. ತಪ್ಪು ಮಾಡಿದವನು ನಾನು, ರುಕ್ಮಯ್ಯ, ಬಿ.ಎ., ವಾಮದಪದವಿನ ಶಾಲೆಯ ಮಾಷ್ಟ್ರು, ೧೯೬೧ರ ಜನಗಣತಿಯಲ್ಲಿ ನೂರಿಪ್ಪತ್ತು ಮನೆಗಳ ಗಣತಿದಾರ. ತಪ್ಪಿಗೆ ಕಾರಣ ಅಡುಗೆಕೋಣೆಯ ಬಾಗಿಲ ಮರೆಯಲ್ಲಿದ್ದ ಎರಡು ಕಣ್ಣು. ಸರಕಾರದ ಫಾರಮಿನಲ್ಲಿ ಅವಕ್ಕೆ ಕಾಲಮ್ಮು ಇರಲಿಲ್ಲ.

ಫೆಬ್ರವರಿಯ ನಡುಮಧ್ಯಾಹ್ನ. ಜಗಲಿಯಲ್ಲಿ ಕೊರಪೊಳು ಅಜ್ಜಿ ವೀಳ್ಯ ಕುಟ್ಟುತ್ತಿದ್ದಳು. ಮನೆಯ ಯಜಮಾನ, ಅವಳ ಮಗ ಡೊಂಬಯ್ಯ, ನನ್ನ ಖಾಕಿ ಚೀಲ ಕಂಡದ್ದೇ ಅಂಗಳದ ಆಚೆ ತುದಿಗೆ ಸರಿದಿದ್ದ.

"ಆದಾಯ ಬರೀತೀರಾ ಮಾಷ್ಟ್ರೆ?" ಎಂದು ಅಲ್ಲಿಂದಲೇ ಕೇಳಿದ.

"ಇಲ್ಲ. ತಲೆ ಮಾತ್ರ."

"ತಲೆಗೂ ತೆರಿಗೆ ಬಂತಾ ಹಾಗಾದ್ರೆ?"

ಅಜ್ಜಿ ಮಗನನ್ನು ಲೆಕ್ಕಕ್ಕಿಡದೆ ತಾನೇ ಹೇಳುತ್ತ ಹೋದಳು. ತನ್ನ ವಯಸ್ಸು ಗೊತ್ತಿಲ್ಲ. "ದೊಡ್ಡ ನೆರೆ ಬಂದ ವರ್ಷ ಡೊಂಬಯ್ಯ ಹಾಲು ಕುಡೀತಿದ್ದ. ನೀನು ಕಲಿತವ, ಲೆಕ್ಕ ಹಾಕು." ಮೂರನೆಯವಳು ವಾರಿಜ, ತೀರಿಹೋದ ಮಗಳ ಮಗಳು, ಇಪ್ಪತ್ತಮೂರು, ಮದುವೆ ಆಗಿಲ್ಲ. ಕೊನೆಯ ಮಾತಿಗೆ ನನ್ನ ಪೆನ್ನು ಸ್ವಲ್ಪ ಹೆಚ್ಚೇ ಒತ್ತಿ ಬರೆಯಿತು.

"ಇನ್ನು ಶಂಭು. ವಾರಿಜನ ಅಣ್ಣ. ಇಪ್ಪತ್ತೇಳು."

"ಮದುವೆ?"

"ಆಗ್ಲಿಲ್ಲ. ಅದೇ ನಮ್ಮ ತಲೆಬಿಸಿ."

"ಕೆಲಸ?"

"ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಈಗ ಇಲ್ಲ."

"ಮನೆಯಲ್ಲೇ ಉಂಟಾ?"

"ಈ ಮನೆ ಬಿಟ್ಟು ಅವ ಎಲ್ಲಿಗೂ ಹೋಗ್ಲಿಲ್ಲ ಮಗ."

ನಾನು ಒಳಗೆ ಇಣುಕಿದೆ. ವಾರಿಜ ನೆಲದ ಮೇಲೆ ನಾಲ್ಕು ಎಲೆ ಹಾಕಿದ್ದಳು. ನಾಲ್ಕನೆಯ ಎಲೆಗೆ, ಎಲ್ಲರಿಗಿಂತ ಮೊದಲು, ಬಿಸಿ ಅನ್ನ ಬಿದ್ದಿತ್ತು. ಸೌಟು ಕೈಯಲ್ಲಿ ಹಿಡಿದೇ ಅವಳು ನನ್ನತ್ತ ನೋಡಿ ತಲೆ ಅಲ್ಲಾಡಿಸಿದಳು. ನಾಚಿಕೆ ಎಂದುಕೊಂಡೆ. ಮತ್ತೊಮ್ಮೆ, ಇನ್ನೂ ಜೋರಾಗಿ ಅಲ್ಲಾಡಿಸಿದಳು. ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದೆ ಸರಿಸಿಕೊಂಡು ನಾನು ತಲೆಗೊಂದರಂತೆ ತುಂಬುವ ಗಣತಿ ಚೀಟಿಗಳಲ್ಲಿ ಶಂಭುವಿನದ್ದನ್ನು ತುಂಬಿ ಮುಗಿಸಿದೆ. ಪುರುಷ. ಇಪ್ಪತ್ತೇಳು. ಅವಿವಾಹಿತ.

ಮರುದಿನ ಶಾಲೆ ಊಟಕ್ಕೆ ಬಿಟ್ಟಾಗ ಅವಳು ಗೇರುಮರದ ಕೆಳಗೆ ನಿಂತಿದ್ದಳು.

"ನಿನ್ನೆ ನಾನು ತಲೆ ಅಲ್ಲಾಡಿಸಿದ್ದು ಕಾಣಲಿಲ್ವಾ ಮಾಷ್ಟ್ರೆ?"

"ಕಂಡಿತು. ಚಂದ ಇತ್ತು."

"ಚಂದಕ್ಕೆ ಮಾಡಿದ್ದಲ್ಲ ಅದು. ನಮ್ಮಣ್ಣ ಜ್ವರ ಬಂದು ತೀರಿ ನಾಲ್ಕು ವರ್ಷ ಆಯ್ತು. ದಿನಾ ಅವನಿಗೂ ಎಲೆ ಹಾಕ್ತೇವೆ."

ಗೇರು ಹೂವಿನ ಘಾಟು ಮೂಗಿಗೆ ಹೊಡೆಯಿತು.

ಸತ್ತವರಿಗೆ ಎಲೆ ಹಾಕುವುದು ನಮ್ಮ ಕಡೆ ಹೊಸತಲ್ಲ. ಮದುವೆಯಾಗದೆ ಸತ್ತವರು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಮನೆಯಲ್ಲೇ ಇರುತ್ತಾರೆ, ವರ್ಷಕ್ಕೊಮ್ಮೆ ಅವರಿಗೆ ಬಡಿಸುತ್ತೇವೆ. ಆದರೆ ದಿನವೂ ಬಡಿಸುವ ಮನೆಯನ್ನು ನಾನು ಕಂಡಿರಲಿಲ್ಲ.

"ದಿನಾ ಯಾಕೆ?"

ವಾರಿಜ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನನ್ನು ನೋಡ್ಲಿಕ್ಕೆ ಮೂರು ಕಡೆಯವರು ಬಂದ್ರು. ಒಂದನೆಯವರ ಬಸ್ಸು ಮಾಣಿ ಪೇಟೆಯಲ್ಲಿ ಹಾಳಾಯ್ತು, ಅಲ್ಲಿಂದಲೇ ವಾಪಸ್. ಎರಡನೆಯ ಹುಡುಗನಿಗೆ ನಮ್ಮ ಜಗಲಿ ಹತ್ತುವಾಗ ಕಾಲು ಉಳುಕಿತು. ಮೂರನೆಯವ ಒಪ್ಪಿದ. ನಿಶ್ಚಯದ ವೀಳ್ಯದ ದಿನ ಅವನ ಅಜ್ಜ ತೀರಿದ್ರು. ದೊಡ್ಡವ ಕಾದು ಕೂತಿರುವಾಗ ಚಿಕ್ಕವಳು ಹೇಗೆ ದಾಟುವುದೂಂತ ಅಜ್ಜಿ ಹೇಳ್ತಾರೆ. ಅವನ ಹಾಗೆ ಮದುವೆಯಾಗದೆ ಸತ್ತ ಹೆಣ್ಣು ಸಿಕ್ಕಿ ಅಣ್ಣನ ಮದುವೆ ಆಗಬೇಕು. ಅಲ್ಲಿವರೆಗೆ ನಾನು ಇಲ್ಲೇ."

"ನೀನು ನಂಬ್ತೀಯಾ?"

"ಹಗಲು ನಂಬುವುದಿಲ್ಲ" ಎಂದಳು. ನಕ್ಕಳು ಕೂಡ. ಆದರೆ ನಡುಹಗಲೇ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು.

ಮಾರ್ಚ್ ಒಂದರ ಸೂರ್ಯೋದಯಕ್ಕೆ ಬದುಕಿರುವವರದ್ದು ಮಾತ್ರ ಲೆಕ್ಕ. ಆಮೇಲೆ ಮನೆಮನೆಗೆ ಮತ್ತೆ ಹೋಗಿ ತಪ್ಪು ತಿದ್ದಬೇಕು. ಅಲ್ಲಿಯವರೆಗೆ ಶಂಭು ನನ್ನ ಚೀಲದಲ್ಲಿದ್ದ. ಚೀಟಿಗಳನ್ನು ಎಷ್ಟು ಸಲ ಜೋಡಿಸಿ ದಾರ ಕಟ್ಟಿದರೂ ಬಿಚ್ಚುವಾಗ ಅವನ ಚೀಟಿಯೇ ಮೇಲೆ ಇರುತ್ತಿತ್ತು. ಮುರಕಲ್ಲಿನ ದಾರಿಯಲ್ಲಿ ನಡೆಯುವಾಗ ನನ್ನ ಚಪ್ಪಲಿಯ ಸದ್ದಿಗೆ ಅರೆ ಹೆಜ್ಜೆ ತಡವಾಗಿ ಇನ್ನೊಂದು ಸದ್ದು. ನಿಂತರೆ ಅದೂ ನಿಲ್ಲುತ್ತಿತ್ತು, ಅಷ್ಟು ಮರ್ಯಾದೆಯ ಸದ್ದು.

ಅಷ್ಟಾದರೂ ನನ್ನ ಕಾಲು ಮೂವತ್ತೇಳಕ್ಕೇ ಎಳೆಯುತ್ತಿತ್ತು. ಮಾತೃಭಾಷೆ ಕೇಳಲು ಮರೆತೆನೆಂದು ಒಮ್ಮೆ ಹೋದೆ. ಬಾಗಿಲ ಮೇಲೆ ಕಾವಿಯಲ್ಲಿ ಬರೆದ ನಂಬ್ರ ಮಾಸಿದೆಯೇ ನೋಡಲು ಇನ್ನೊಮ್ಮೆ.

"ನಂಬ್ರ ಮಾಸ್ಲಿಲ್ಲ. ನೋಡಿ ನೋಡಿ ನೀವೇ ಮಾಸ್ಬೇಕಷ್ಟೆ" ಎಂದಳು ವಾರಿಜ, ನೀರು ಸೇದುತ್ತ.

ಅವಳನ್ನು ನಗಿಸುವುದು ನನಗೊಂದು ಚಟವಾಯಿತು. ಬೇರೆಯವರ ಸ್ವರ ಕದಿಯುವ ವಿದ್ಯೆ ನನಗೆ ಕಾಲೇಜಿನಿಂದಲೂ ಉಂಟು. ನಮ್ಮ ಮೇಲ್ವಿಚಾರಕರು ಮೂಡುಬಿದಿರೆಯ ಹೇಮರಾಜರು, ಒಂದೊಂದು ಅಕ್ಷರವನ್ನೂ ತೊಳೆದು ಒಣಗಿಸಿ ಮಾತಾಡುವವರು. "ರುಕ್ಮಯ್ಯನವರೇ, ಜನಗಣತಿಯೆಂಬುದು ಜನರ ಗಣತಿಯೇ ಹೊರತು ಜನಾರ್ದನನ ಗಣತಿಯಲ್ಲ" ಎಂದು ನಾನು ಅವರಂತೆ ಹೇಳಿದಾಗ ವಾರಿಜಳ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು.

"ಇನ್ನೊಂದು ಮಾಡಿ" ಎಂದಳು ನಗು ತಡೆಯುತ್ತ.

ನಾನು ಕೈ ಬಾಯಿಗೆ ಅಡ್ಡ ಹಿಡಿದೆ. ಕಾಲೇಜಿಗೆ ಹೋಗುವ ದಿನಗಳಲ್ಲಿ ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದ ಒಂದು ಕೂಗು ನನ್ನ ಬಳಿ ಇತ್ತು, ಮೂಗಿನಲ್ಲಿ ಹುಟ್ಟಿ ಕೊನೆಗೆ ಹಾಡಾಗುವ ಕೂಗು.

"ವಾಮದಪದವೂ... ಇಳಿಯುವವರು ಇಳಿಯಿರಿ, ಉಳಿಯುವವರು ಒಳಗೆ ಬನ್ನೀ..."

ವಾರಿಜ ನಗಲಿಲ್ಲ.

ಮನೆಯೊಳಗೆ ಪಾತ್ರೆಯೊಂದು ಉರುಳಿತು. ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಿಸಿಲಿಗೆ ಕೈ ಅಡ್ಡ ಹಿಡಿದು, ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದಳು.

"ಶಂಭು, ಇಷ್ಟು ಹೊತ್ತಾ ಮಗಾ? ಅನ್ನ ತಣಿಯಿತು."

ಬಾವಿಯ ರಾಟೆ ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು. ಅಜ್ಜಿ ಸ್ವಲ್ಪ ಹೊತ್ತು ಕಾದು, ಒಳಗೆ ಹೋದಳು.

"ಆ ಸ್ವರ ನಿಮಗೆ ಎಲ್ಲಿ ಸಿಕ್ಕಿತು?" ವಾರಿಜಳ ತುಟಿ ಬಿಳುಚಿತ್ತು.

ಹೇಳಿದೆ. ಆ ಕಂಡಕ್ಟರನ ಹೆಸರು ನಾನು ಕೇಳಿದವನಲ್ಲ. ತೆಳ್ಳಗಿದ್ದ, ಟಿಕೆಟು ಹರಿಯುವಾಗ ನಾಲಗೆ ಕಚ್ಚುತ್ತಿದ್ದ.

"ಪೆನ್ಸಿಲು ಕಿವಿಯಲ್ಲಿ ಇಡ್ತಿದ್ದನಾ?"

"ಬಲಗಿವಿಯಲ್ಲಿ."

ಅವಳು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. "ಅವ ನಿಮ್ಮೊಟ್ಟಿಗೆ ಬಂದದ್ದು" ಎಂದಳು. ಹೆದರಿಕೆಯಲ್ಲಿ ಹೇಳಿದಂತಿರಲಿಲ್ಲ. ಕಳೆದ ವಸ್ತು ಸಿಕ್ಕಿದವರು ಹೇಳುವಂತೆ ಹೇಳಿದಳು. ಅಂದು ಮೊದಲ ಸಲ ಅವಳು ನನ್ನ ಕಣ್ಣನ್ನು, ಬಾಗಿಲ ಮರೆ ಇಲ್ಲದೆ, ನೇರ ನೋಡಿದಳು.

ಅವಳ ಬರಿ ಯಾವುದೆಂದು ಕೇಳಬೇಕೆನಿಸಿತು. ಗೋತ್ರದಂತೆ, ಆದರೆ ತಾಯಿಯ ಕಡೆಯಿಂದ ಬರುವ ಈ ಬರಿ ಇಬ್ಬರದ್ದೂ ಒಂದೇ ಆದರೆ ಅಣ್ಣ ತಂಗಿಯಾದಂತೆ, ಮದುವೆಯ ಮಾತೇ ಇಲ್ಲ. ಆದರೆ ನಮ್ಮಲ್ಲಿ ಹುಡುಗಿಯ ಬರಿ ಕೇಳಿದರೆ ಹುಡುಗಿಯನ್ನೇ ಕೇಳಿದಂತೆ. ಕುಲೆ ಕಾದಿರುವ ಮನೆಯಲ್ಲಿ ಯಾರನ್ನು ಕೇಳುವುದು? ಕೇಳದೆಯೇ ಮನೆಗೆ ಹೋದೆ.

ಮಾರ್ಚ್ ಎರಡರ ಬೆಳಿಗ್ಗೆ ಕೆಂಪು ಪೆನ್ಸಿಲು ಹಿಡಿದುಕೊಂಡು ಮೂವತ್ತೇಳನೇ ಮನೆಯ ಜಗಲಿಯಲ್ಲಿ ಕುಳಿತೆ. ಡೊಂಬಯ್ಯ ಕಂಬಕ್ಕೆ ಒರಗಿದ್ದ. ವಾರಿಜ ಬಾಗಿಲಲ್ಲಿ.

"ಅಜ್ಜಿ, ಶಂಭುವಿನ ಹೆಸರು ಹೊಡೆದು ಹಾಕ್ಬೇಕು. ತಪ್ಪು ನನ್ನದು."

"ಅವ ಸತ್ತದ್ದು ನನಗೆ ಗೊತ್ತುಂಟು ಮಗ. ಅವನ ಬಾಯಿಗೆ ನೀರು ಬಿಟ್ಟದ್ದು ಈ ಕೈ." ಅಜ್ಜಿಯ ಸ್ವರ ಗಟ್ಟಿಯಾಗಿತ್ತು. "ನೀನು ಅಷ್ಟು ಮನೆ ತಿರುಗುವವ. ನಮ್ಮಲ್ಲಿ ಮದುವೆಗೆ ಬಂದ ಗಂಡು ಉಂಟೂಂತ ನಿನ್ನ ಪುಸ್ತಕದಲ್ಲಿ ಬಿದ್ರೆ ಸುದ್ದಿ ಹೋಗ್ತದೆ ಅಂತ ಎಣಿಸಿದೆ. ಹೇಳು, ಹಾಗೆ ಕಾದಿರುವ ಹೆಣ್ಣು ಯಾರ ಮನೆಯಲ್ಲಾದ್ರೂ ಉಂಟಾ?"

"ಒಂದು ಮನೆಯ ಸುದ್ದಿ ಇನ್ನೊಂದು ಮನೆಯಲ್ಲಿ ಹೇಳ್ಲಿಕ್ಕಿಲ್ಲ ಅಜ್ಜಿ. ಸರಕಾರದ ಅಪ್ಪಣೆ."

"ಸರಕಾರಕ್ಕೆ ಮೊಮ್ಮಕ್ಕಳಿಲ್ಲ" ಎಂದು ಅಜ್ಜಿ ಮುಖ ತಿರುಗಿಸಿದಳು.

ನಾನು ಚೀಟಿಯ ಮೇಲೆ ಪೆನ್ಸಿಲು ಇಟ್ಟೆ. ಎಳೆಯಲು ಕೈ ಬರಲಿಲ್ಲ. ಹೊರಗೆ ಎಲ್ಲೋ ಬಸ್ಸಿನ ಹಾರ್ನು ಕೇಳಿತು. ಇತರರ ಮನೆಯ ಸುದ್ದಿ ಹೇಳಬಾರದು. ನನ್ನ ಮನೆಯದು ಹೇಳಬಹುದಲ್ಲ.

"ಗುರುವಾಯನಕೆರೆಯಲ್ಲಿ ಒಂದು ಮನೆ ಉಂಟು" ಎಂದೆ. "ನಮ್ಮದೇ. ನನ್ನ ತಂಗಿ ಗುಲಾಬಿ. ಏಳು ವರ್ಷಕ್ಕೆ ತೀರಿಹೋದಳು. ಇದ್ದಿದ್ದರೆ ಈಗ ಇಪ್ಪತ್ತೆರಡು. ಅವಳಿಗೂ ಗಂಡು ಹುಡುಕ್ಬೇಕೂಂತ ಅಮ್ಮ ಹೇಳ್ತಾ ಇರ್ತಾರೆ. ನಾನೇ ನಗಾಡಿ ಮಾತು ಹಾರಿಸ್ತಿದ್ದೆ."

ಸತ್ತವರಿಗೂ ವಯಸ್ಸಾಗುತ್ತದೆಂದು ನಂಬುವ ಜನ ನಾವು. ಲಂಗದ ಗುಲಾಬಿ ಆ ಕ್ಷಣ ಸೀರೆಯುಟ್ಟು ನನ್ನ ಪಕ್ಕ ನಿಂತಂತಾಯಿತು.

ಅಜ್ಜಿ ವೀಳ್ಯದ ಕಲ್ಲು ಕೆಳಗಿಟ್ಟಳು. "ನಿಮ್ಮ ಬರಿ ಯಾವುದು?"

ಪ್ರಶ್ನೆ ಗುಲಾಬಿಯದ್ದು. ಉತ್ತರ ನಾಲ್ಕು ಜನರದ್ದು. ಸತ್ತವರ ಬರಿ ಒಂದೇ ಆದರೆ ಬದುಕಿದ ಇಬ್ಬರಿಗೂ ದಾರಿ ಅಲ್ಲಿಗೇ ಮುಗಿಯುತ್ತಿತ್ತು. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ವಾರಿಜಳ ಬೆರಳುಗಳನ್ನು ನೋಡುತ್ತಲೇ ಹೇಳಿದೆ.

"ಬಂಗೇರ."

ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ನಮ್ಮದು ಸಾಲಿಯಾನ್. ಆಗ್ತದೆ."

ಚೌಕಟ್ಟಿನ ಮೇಲಿನ ಬೆರಳುಗಳು ಸಡಿಲವಾದವು. ಆಗ ನಾನು ಗೆರೆ ಎಳೆದೆ. ಜನ, ಮೂರು.

ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಬದುಕಿದವರಿಗೆ ಮದುವೆ ಇಲ್ಲ, ಸತ್ತವರಿಗೆ ಉಂಟು. ಒಂದು ಸಂಜೆ ಅಮ್ಮನನ್ನು ಮೂವತ್ತೇಳನೇ ಮನೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಬಳೆ ತೆಗೆದುಕೊಳ್ಳುವಾಗ ಯಾವ ಅಳತೆಯದ್ದೆಂದು ಹೇಳಲಾಗದೆ ಅಮ್ಮ ಅಂಗಡಿಯಲ್ಲಿ ಒಂದೊಂದೇ ಬಳೆ ಎತ್ತಿ ನೋಡಿ ಇಡುತ್ತಿದ್ದಳು. ಏಳು ವರ್ಷದ ಕೈ ಮಾತ್ರ ಅವಳಿಗೆ ನೆನಪು. ನಮ್ಮನ್ನು ಕರೆದೊಯ್ಯಲು ಅಂಗಡಿಗೆ ಮೊದಲೇ ಬಂದಿದ್ದ ವಾರಿಜ ತನ್ನ ಕೈ ಚಾಚಿದಳು. ಅಮ್ಮ ಆ ಕೈಯನ್ನು ಬೇಕಾದಷ್ಟಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡು, "ಈ ಅಳತೆ" ಎಂದಳು.

ಎರಡು ಮಣೆ. ಒಂದರ ಮೇಲೆ ಸೀರೆ, ಬಳೆ, ಕರಿಮಣಿ. ಇನ್ನೊಂದರ ಮೇಲೆ ಮುಂಡು, ಶರ್ಟು, ಮೊಂಡು ಪೆನ್ಸಿಲು. ಸತ್ತವರ ಕಾಲಾಗುವುದು ಒಡಹುಟ್ಟಿದವರ ಕೆಲಸ. ಗುಲಾಬಿಯ ಮಣೆಯನ್ನು ನಾನು ಎತ್ತಿಕೊಂಡೆ, ಶಂಭುವಿನದ್ದನ್ನು ವಾರಿಜ. ದೀಪದ ಸುತ್ತ ಮೂರು ಸುತ್ತು. ಒಂದೊಂದು ಸುತ್ತಿಗೂ ನನ್ನ ಕೈಯ ಮಣೆ ಭಾರವಾಗುತ್ತ ಹೋಯಿತು, ದೊಡ್ಡವಳಾದ ತಂಗಿಯ ಭಾರ. ಹಿಂದೆ ಹೆಜ್ಜೆಗಳು ಕೇಳುತ್ತಿದ್ದವು. ನಮ್ಮಿಬ್ಬರ ಹೆಜ್ಜೆಗಳಷ್ಟೇ ಅಲ್ಲ.

ಧಾರೆಗೆ ಎರಡೂ ಮಣೆಗಳನ್ನು ತಾಗಿಸಿ ಹಿಡಿದಾಗ ಡೊಂಬಯ್ಯ ನೀರು ಬಿಟ್ಟ. ನೀರು ಸೀರೆಯ ಮೇಲೂ ಮುಂಡಿನ ಮೇಲೂ ಹರಿದು, ಕೊನೆಗೆ ಕೆಳಗಿದ್ದ ನಮ್ಮಿಬ್ಬರ ಕೈಗಳ ಮೇಲೆ ಒಂದೇ ಧಾರೆಯಾಗಿ ಇಳಿಯಿತು.

"ಮಾವ, ನೀರು ಸ್ವಲ್ಪ ಜಾಸ್ತಿ ಆಯ್ತು" ಎಂದಳು ವಾರಿಜ ಮೆಲ್ಲಗೆ.

"ಇರಲಿ ಮಗಳೇ" ಎಂದ ಡೊಂಬಯ್ಯ, ಗಿಂಡಿಯನ್ನು ಇನ್ನಷ್ಟು ಬಗ್ಗಿಸಿ. "ಎರಡೂ ಒಂದೇ ಖರ್ಚಿನಲ್ಲಿ ಆಗ್ಲಿ."

ಅಂದು ಅಜ್ಜಿ ಒಂದೇ ಎಲೆಯಲ್ಲಿ ಇಬ್ಬರಿಗೆ ಬಡಿಸಿದಳು. ಮರುದಿನ ಆ ಜಾಗದಲ್ಲಿ ಎಲೆ ಹಾಕಲಿಲ್ಲ. ಹೊಸ ಮದುಮಕ್ಕಳನ್ನು ಇಷ್ಟು ಬೇಗ ಎಬ್ಬಿಸಬಾರದಂತೆ.

ಅಮ್ಮನನ್ನು ಮೊದಲ ಬಸ್ಸಿಗೆ ಹತ್ತಿಸಿ ನಾನು ದಾರಿಯಲ್ಲಿ ನಿಂತಿದ್ದೆ. ಮಳೆ ಬಿಟ್ಟಿತ್ತು. ವಾರಿಜ ಕೊಡೆ ಕೊಡುವ ನೆಪದಲ್ಲಿ ಬಂದಳು.

"ಮಾಷ್ಟ್ರೆ" ಎನ್ನಹೋಗಿ ನಾಲಗೆ ಕಚ್ಚಿಕೊಂಡಳು. ನಾನೀಗ ಅವಳ ಅತ್ತಿಗೆಯ ಅಣ್ಣ. "ಭಾವ" ಎಂದಳು. ಆ ಒಂದು ಪದಕ್ಕೆ ಅವಳ ಕಿವಿಯ ತುದಿಯವರೆಗೆ ಕೆಂಪೇರಿತು. "ಅಣ್ಣನ ಕೂಗು ಇನ್ನೊಂದು ಸಲ ಮಾಡ್ತೀರಾ? ಕೊನೆಯ ಸಲ."

ಕೈ ಬಾಯಿಗೆ ಅಡ್ಡ ಹಿಡಿದೆ. ಬಾಯಿ ತೆರೆದೆ. ಬರಲಿಲ್ಲ. ಆರು ವರ್ಷ ನನ್ನ ಗಂಟಲಲ್ಲಿದ್ದ ಸ್ವರ ಅಲ್ಲಿ ಇರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಬಂದದ್ದು ನನ್ನದೇ ಸ್ವರ, ಯಾರದ್ದನ್ನೂ ಕದಿಯದ, ಸ್ವಲ್ಪ ನಡುಗುವ ಸ್ವರ.

"ವಾರಿಜ, ಆಟಿ ಕಳೆದ ಮೇಲೆ ನಾನು ಬರ್ತೇನೆ. ನಂಬ್ರ ನೋಡ್ಲಿಕ್ಕಲ್ಲ."

ಅವಳು ದಾರಿಯ ತಿರುವಿನತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ನಿಜವಾಗಿಯೂ ಯಾರೂ ಇರಲಿಲ್ಲ. ಅವಳ ಕಣ್ಣು ತುಂಬಿತು, ತುಟಿ ಮಾತ್ರ ನಗುತ್ತಿತ್ತು. ಕೈ ಬಾಯಿಗೆ ಅಡ್ಡ ಹಿಡಿದು, ಮೂಗಿನಲ್ಲಿ ಎಳೆದು, ನನಗಷ್ಟೇ ಕೇಳುವಂತೆ ಕೂಗಿದಳು.

"ಇಳಿಯುವವರು ಇಳಿದಾಯ್ತು. ಉಳಿಯುವವರು ಒಳಗೆ ಬನ್ನಿ."