ನೂರನೆಯ ದಿನದ ನೀರು

"ಇಳೀಬೇಡಿ!"

ದೋಣಿಯ ಅಂಚಿನಲ್ಲಿ ಕೂತು ಇನ್ನೇನು ನೀರಿಗೆ ಜಿಗಿಯಲಿದ್ದ ಅಲುಮಿತಾಳ ಮೊಣಕೈಯನ್ನು ದೋಣಿಗಾರ ಗಟ್ಟಿಯಾಗಿ ಹಿಡಿದಿದ್ದ.

"ಮೊದಲು ಕೈ ಬಿಡ್ರೀ!"

ಬಿಟ್ಟ. ಆದರೆ ಕಣ್ಣು ಕೀಳಲಿಲ್ಲ. ಅವನು ನೋಡುತ್ತಿದ್ದುದು ಅವಳ ಹಣೆಯ ಮೇಲಿದ್ದ ಮುಳುಗು ಕನ್ನಡಕವನ್ನು. ಜೊತೆಯಲ್ಲಿದ್ದ ಕೆಲೆರಾ, ಆಶ್ನೀಲ್ ಇಬ್ಬರದೂ ಹೊಸ ರಬ್ಬರಿನದು. ಅವಳದು ಮಾತ್ರ ಮರದಲ್ಲಿ ಕೆತ್ತಿದ್ದು. ಅಪ್ಪನದು.

"ಅಲ್ಲಿ ತೆಂಗಿನ ಗರಿ ಕಟ್ಟಿರೋ ಕೋಲು ಕಾಣ್ತಿದೆಯಾ? ಸಾವಾಗಿದೆ. ನೂರು ದಿನ ಈ ಹವಳದ ದಿಬ್ಬಕ್ಕೆ ಯಾರೂ ಇಳಿಯೋ ಹಾಗಿಲ್ಲ. ಮೀನು ಹಿಡಿಯೋದೂ ಇಲ್ಲ, ಈಜೋದೂ ಇಲ್ಲ."

ಅವಳ ಎದೆ ಒಮ್ಮೆ ಹಾರಿತು. "ಇವತ್ತಿಗೆ ಎಷ್ಟನೇ ದಿನ?"

"ಎಂಬತ್ತಮೂರು."

ಹಾರಿದ್ದು ಕುಸಿಯಿತು. ಅಪ್ಪ ತೀರಿಕೊಂಡು ಇವತ್ತಿಗೆ ತೊಂಬತ್ತನಾಲ್ಕು ದಿನ. ಹಾಗಾದರೆ ಇದು ಬೇರೆ ಯಾರಿಗೋ!

"ಯಾರೋ ದೊಡ್ಡ ಮನುಷ್ಯರು ಇರಬೇಕು," ಎಂದಳು ಕಹಿಯಾಗಿ. "ಇದೇ ಊರಿನವರು ಸುವಾ ನಗರದಲ್ಲಿ ಸತ್ತರೆ ಮಣ್ಣಿಗೆ ಬರೋಕೆ ಒಬ್ಬರಿಗೂ ಪುರುಸೊತ್ತಿರಲ್ಲ!"

ಅವನ ಮುಖ ಗಂಭೀರವಾಯಿತು. ಅವಳ ಹಣೆಯ ಕನ್ನಡಕವನ್ನು ಮತ್ತೊಮ್ಮೆ ನೋಡಿ ಎಂಜಿನ್ ಕಡೆ ತಿರುಗಿದ.

"ಲೇ, ಹಿಂದಿನ ಎರಡು ದ್ವೀಪದಲ್ಲಿ ಚೆನ್ನಾಗೇ ಇದ್ದೆಯಲ್ಲೇ!" ಕೆಲೆರಾ ಪಿಸುಗುಟ್ಟಿದಳು. "ನೋಡೋಕೆ ಲಕ್ಷಣವಾಗಿರೋ ಒಬ್ಬ ಸಿಕ್ಕರೆ ಅವನ ಜೊತೆಗೇ ಜಗಳ ಆಡ್ಬೇಕಾ?"

ಅಲುಮಿತಾ ನಗಲಿಲ್ಲ. ಇದು ಅಪ್ಪ ಹುಟ್ಟಿದ ದ್ವೀಪ ಎಂದು ಗೆಳೆಯರಿಗೂ ಹೇಳಿರಲಿಲ್ಲ. ಅಪ್ಪ ಜೀವನಪೂರ್ತಿ ವರ್ಣಿಸುತ್ತಿದ್ದ ಈ ದಿಬ್ಬವನ್ನು ಒಂದು ಸಲ ಕಣ್ಣಾರೆ ನೋಡಿ, ಯಾರೊಂದಿಗೂ ಮಾತಾಡದೆ ಹಿಂದಿರುಗುವುದು... ಅವಳ ಲೆಕ್ಕಾಚಾರ ಅಷ್ಟೇ ಇತ್ತು.

ಊರಿಗೆ ಕಾಲಿಟ್ಟವರು ಹಿರಿಯರ ಮುಂದೆ, ಪಾನೀಯ ಮಾಡುವ ಯಂಗೋನದ ಬೇರಿನ ಕಟ್ಟನ್ನು ಕಾಣಿಕೆಯಾಗಿ ಇಡಲೇಬೇಕು. ಆಶ್ನೀಲ್ ಮಂಡಿಯೂರಿ ಇಟ್ಟ. ಅಲುಮಿತಾ ತಲೆತಗ್ಗಿಸಿ ಕೂತಳು. ಗೋಡೆಯ ಬದಿಯಲ್ಲಿ ಕಪ್ಪು ಬಟ್ಟೆ ಸುತ್ತಿದ ಚಾಪೆಗಳ ರಾಶಿ ಕಂಡಿತು. ಎಲ್ಲವೂ ಹೊಸದಾಗಿ ಹೆಣೆದವು.

"ಇದೆಲ್ಲ ಯಾರಿಗೆ ಅಜ್ಜಿ?" ಎಂದು ಕೆಲೆರಾ ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದಳು.

"ತೀರಿಹೋದ ನನ್ನ ತಮ್ಮ ಉಲಯಾಸಿಯ ನೂರನೇ ದಿನಕ್ಕಮ್ಮ. ಸುವಾದಲ್ಲಿ ಬಡಗಿಯಾಗಿದ್ದ. ಅವನು ಸತ್ತಾಗ ಚಂಡಮಾರುತಕ್ಕೆ ಇಲ್ಲಿನ ರೇಡಿಯೋ ಕಂಬ ಬಿದ್ದಿತ್ತು. ಸುದ್ದಿ ತರೋಕೆ ಅಲ್ಲಿಂದ ಯಾರೂ ಬರಲಿಲ್ಲ. ಕೊಬ್ಬರಿ ಹಡಗಿನವರು ಬಂದು ಹೇಳೋ ಹೊತ್ತಿಗೆ ಹನ್ನೊಂದು ದಿನ ಆಗಿತ್ತು. ಮಣ್ಣಿಗೆ ಹೋಗೋಕಾಗಲಿಲ್ಲ... ಅದಕ್ಕೇ ಸುದ್ದಿ ಕೇಳಿದ ದಿನದಿಂದಲೇ ಸಮುದ್ರ ಮುಚ್ಚಿದ್ದೀವಿ."

ಹನ್ನೊಂದು ದಿನ!

ಎಂಬತ್ತಮೂರಕ್ಕೆ ಹನ್ನೊಂದು ಸೇರಿದರೆ ತೊಂಬತ್ತನಾಲ್ಕು.

ಸೋದರಮಾವ ಅಂದು ಎರಡು ಸಲ ಹೇಳಿದ್ದ: 'ಸಾವಿನ ಸುದ್ದೀನ ಮನೆಯವರೇ ಹೋಗಿ ತಿಳಿಸ್ಬೇಕು. ಯಾರನ್ನಾದರೂ ದ್ವೀಪಕ್ಕೆ ಕಳಿಸು.' 'ರೇಡಿಯೋದಲ್ಲಿ ಮೂರು ಸಲ ಹೇಳಿಸಿದ್ದೀನಲ್ಲ ಮಾವ, ಸಾಕು' ಎಂದವಳು ತಾನೇ. ಮೂರು ತಿಂಗಳು ಹೊತ್ತು ತಿರುಗಿದ ಸಿಟ್ಟಿಗೆ ಕಾರಣವೂ ತಾನೇ!

"ಅತ್ತೆ..." ಅವಳು ಮುದುಕಿಯ ಹತ್ತಿರ ಸರಿದಳು. "ನಾನು ಉಲಯಾಸಿ ಮಗಳು."

ರೂಸಿಲಾ ಅತ್ತೆ ಅವಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ಅಲ್ಲಿನವರು ಮುದ್ದಿಡುವ ಹಾಗೆ ಕೆನ್ನೆಯನ್ನು ಮೂಸಿದಳು. ಆಮೇಲೆ ಆ ಮನೆಯಲ್ಲಿ ಬಹಳ ಹೊತ್ತು ಅಳುವೊಂದೇ ಕೇಳಿಸಿತು.

ಭಾನುವಾರ ಚರ್ಚ್ ಮುಗಿದ ಮೇಲೆ, ಹೊರಡುವ ಹೊತ್ತಿನಲ್ಲಿ, ದೋಣಿಗಾರ ಅವಳ ಬಳಿ ಬಂದು ನಿಂತ. ಅವನ ಹೆಸರು ವೈಸಾಕೆ.

"ನೂರನೇ ದಿನ ಮೊದಲು ನೀರಿಗೆ ಇಳಿಯೋರು ಸತ್ತವರ ಮನೆಯವರೇ ಆಗಿರಬೇಕು. ನಿಮ್ಮತ್ತೆಗೆ ಕಾಲಲ್ಲಿ ಬಲ ಇಲ್ಲ. ಯಾರೂ ಬರದಿದ್ದರೆ ನೀನೇ ಇಳಿ ಅಂತ ಹಿರಿಯರು ನನಗೆ ಹೇಳಿದ್ದಾರೆ. ನಾನಿನ್ನೂ ಒಪ್ಪಿಲ್ಲ."

"ನನಗೆ ಯಾವ ಮುಖ ಇದೆ? ಸುದ್ದೀನೇ ತಲುಪಿಸದವಳು ನಾನು..."

"ಹದಿನಾರು ದಿನ ಇದೆ. ಕಾಯ್ತೀನಿ."

ಅಷ್ಟೇ ಹೇಳಿದ. ಸುವಾಕ್ಕೆ ಹೊರಟ ಹಡಗು ಎಷ್ಟು ದೂರ ಬಂದರೂ ಆ ಒಂದು ಮಾತು ಅವಳ ಬೆನ್ನು ಬಿಡಲಿಲ್ಲ.

ಮರುದಿನ ಸಂಜೆ ವೈಸಾಕೆಯ ಫೋನ್ ಬಂತು. ದ್ವೀಪದಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ ಮಾತ್ರ.

"ಇವತ್ತು ಎಂಬತ್ತೈದು," ಎಂದ ಏದುಸಿರಿನಲ್ಲಿ.

"ಇಷ್ಟು ಹೇಳೋಕೆ ಗುಡ್ಡ ಹತ್ತಿದ್ರಾ?"

"ಹೂಂ... ಊಟ ಆಯ್ತಾ?"

ಪ್ರತಿ ಸಂಜೆ ಒಂದು ಅಂಕೆ, ಒಂದು ಊಟದ ವಿಚಾರಣೆ. ತೊಂಬತ್ತರ ಹೊತ್ತಿಗೆ ಅವಳು ಫೋನನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದಳು. ತೊಂಬತ್ತಮೂರರಂದು ಮಳೆ, ಕರೆ ಬರಲಿಲ್ಲ. ಆ ಒಂದು ಸಂಜೆ ಅವಳಿಗೆ ತನ್ನ ಮನಸ್ಸು ಸ್ಪಷ್ಟವಾಗಿ ಅರ್ಥವಾಯಿತು.

ಮಂಗಳವಾರ, ನೂರನೆಯ ದಿನ. ತೆಂಗಿನ ಗರಿಯ ಕೋಲನ್ನು ಹಿರಿಯರು ಕಿತ್ತರು. ದಡದಲ್ಲಿ ಊರಿಗೆ ಊರೇ ನಿಂತಿತ್ತು. ಅಲುಮಿತಾ ಅಪ್ಪನ ಮರದ ಕನ್ನಡಕ ಹಾಕಿಕೊಂಡು ಮೊದಲು ಇಳಿದಳು. ಎರಡು ಮಾರು ಹಿಂದೆ ವೈಸಾಕೆ ಇಳಿದ.

ನೀರಿನೊಳಗೆ ಅಪ್ಪ ಹೇಳಿದ್ದೆಲ್ಲವೂ ಇತ್ತು. ದುಂಡಗಿನ ಕಂದು ಹವಳ, ಅದರ ಸೀಳಿನಲ್ಲಿ ನೀಲಿ ಮೀನುಗಳ ಗುಂಪು, ಆಚೆ ಕಪ್ಪಗೆ ಇಳಿದ ಆಳ. ನೂರು ದಿನ ಯಾರೂ ಮುಟ್ಟದ ಮೀನುಗಳು ಹೆದರದೆ ಅವಳ ಬೆರಳಿನವರೆಗೂ ಬಂದವು. ಅಪ್ಪಾ, ತಡವಾಯ್ತು. ಆದ್ರೂ ಬಂದೆ...

ಮೇಲೆ ಬಂದಾಗ ಏನೂ ಕಾಣುತ್ತಿರಲಿಲ್ಲ.

"ಈ ಕನ್ನಡಕ ಸೋರ್ತಿದೆ," ಎಂದಳು.

"ಸೋರ್ತಿಲ್ಲ. ನೀನು ಅಳ್ತಿದ್ದೀಯ."

ಮೊದಲ ಸಲ 'ನೀನು' ಎಂದಿದ್ದ. ಅವಳು ಕನ್ನಡಕ ತೆಗೆದು ನೋಡಿದಳು. ಅವನ ಕೊರಳಲ್ಲಿ ಇನ್ನೊಂದು ಮರದ ಕನ್ನಡಕ ನೇತಾಡುತ್ತಿತ್ತು. ಅದೇ ಕೆತ್ತನೆ, ಆದರೆ ಪುಟ್ಟದು.

"ನಿಮ್ಮಪ್ಪ ಕೊನೆ ಸಲ ಊರಿಗೆ ಬಂದಾಗ ಮಾಡಿಕೊಟ್ಟಿದ್ದು. ನಂಗಾಗ ಏಳು ವರ್ಷ."

"ಅಂದ್ರೆ... ಮೊದಲ ದಿನ, ದೋಣೀಲೇ ಗೊತ್ತಾಗಿತ್ತಾ? ಯಾಕೆ ಹೇಳಲಿಲ್ಲ?"

"ಯಾರ ಮಗಳು ಅನ್ನೋದನ್ನ ನೀನೇ ಹೇಳ್ಬೇಕಿತ್ತು. ಅದು ನಾನು ಹೇಳೋ ಮಾತಲ್ಲ."

ಅವಳು ಅವನ ಒದ್ದೆ ಭುಜ ಹಿಡಿದುಕೊಂಡಳು. ಬಿಡಲಿಲ್ಲ.

"ನೂರು ಮುಗೀತು ವೈಸಾಕೆ. ನಾಳೆಯಿಂದ ಗುಡ್ಡ ಹತ್ತಿ ಏನು ಎಣಿಸ್ತೀಯ?"

"ಎಣಿಸೋಕೆ ಒಂದಿದೆ. ಹಿರಿಯರನ್ನ ಕರ್ಕೊಂಡು, ಕಾಣಿಕೆಗೆ ತಿಮಿಂಗಿಲದ ಹಲ್ಲು ಹಿಡ್ಕೊಂಡು, ನಿಮ್ಮ ಮಾವನ ಮುಂದೆ ಕೂತು ನಿನ್ನನ್ನ ಕೇಳೋ ದಿನ." ಅವನ ದನಿ ತಗ್ಗಿತು. "ನೀನು ಒಪ್ಪಿದ್ರೆ..."

ಬಹಳ ದಿನಗಳ ಮೇಲೆ ಅವಳು ನಕ್ಕಳು.

"ಒಪ್ಪಿದ್ದೀನಿ. ಆದರೆ ರೇಡಿಯೋದಲ್ಲಿ ಹೇಳಿಸ್ಬೇಡ."

"ಇಲ್ಲ," ಎಂದ ವೈಸಾಕೆ. "ನಾನೇ ಬರ್ತೀನಿ."