ಮೀನುಗಳ್ಳನ ಪಡಿಯಚ್ಚು

"ಇದು ನನ್ನ ಮೀನು!"

ಪ್ರಯೋಗಾಲಯದ ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಹಾಳೆಯನ್ನು ಎತ್ತಿ ಹಿಡಿದು ಅವಳು ಕೂಗಿದ್ದು ಕನ್ನಡದಲ್ಲಿ. ಓದಲೆಂದು ಈ ದೇಶಕ್ಕೆ ಬಂದು ವರ್ಷ ಕಳೆದಿದ್ದರೂ, ಸಿಟ್ಟು ಬಂದಾಗ ಅವಳ ನಾಲಿಗೆಗೆ ಬೇರೆ ಭಾಷೆ ಹತ್ತುತ್ತಿರಲಿಲ್ಲ. ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯವೂ ಇತ್ತು ಅನ್ನಿ.

"ಕ್ಷಮಿಸಿ... ಅದು ನನ್ನ ಮೀನು" ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ಕನ್ನಡದಲ್ಲಿ!

ಅವಳು ತಿರುಗಿ ನೋಡಿದಳು. ಬಾಚದ ತಲೆ, ತೋಳಿಗೆಲ್ಲ ಕಲ್ಲಿನ ಪುಡಿ ಮೆತ್ತಿದ ಸ್ವೆಟರು, ಕೈಯಲ್ಲಿ ಚಹಾದ ಕಪ್ಪು. ಎಂದೂ ನೋಡದ ಮುಖ. ಆ ಮುಖದ ತುಂಬ ನಗು!

ಬೇರೆ ದಿನವಾಗಿದ್ದರೆ ಅವಳು ಕುಣಿದುಬಿಡುತ್ತಿದ್ದಳು. ಫೋನಿನಲ್ಲಿ ಬಿಟ್ಟರೆ ಕನ್ನಡ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಆದರೆ ಇವತ್ತು ಅವಳ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅದಕ್ಕೆ ಕಾರಣವೂ ಇತ್ತು.

ನಮ್ಮ ಹುಡುಗಿ ಓದುತ್ತಿದ್ದದ್ದು ಪಳೆಯುಳಿಕೆಗಳ ಬಗ್ಗೆ, ಸ್ನಾತಕೋತ್ತರ ಪದವಿಗೆ. ಅವಳ ಪಾಲಿಗೆ ಬಂದದ್ದು ಒಂದು ಸುಣ್ಣಕಲ್ಲಿನ ಹಲಗೆ. ಅದರ ಮೇಲೆ ಕೋಟ್ಯಂತರ ವರ್ಷಗಳಿಂದ ಮಲಗಿದ್ದ ಅಂಗೈಯಗಲದ ಒಂದು ಮೀನು. ಒಂದು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ನೆಟ್ಟು, ಸೂಜಿಯಿಂದ ಕಲ್ಲಿನ ಕಣಗಳನ್ನು ಒಂದೊಂದಾಗಿ ಕೆರೆದು ತೆಗೆದಿದ್ದಳು. ಬಾಲ ಬಂತು, ರೆಕ್ಕೆ ಬಂತು, ಪಕ್ಕೆಲುಬೆಲ್ಲ ಬಂತು. ತಲೆ ಮಾತ್ರ ಇಲ್ಲ! ತಲೆಯಿರಬೇಕಾದ ಕಡೆ ಬರೀ ಒಂದು ಮಸುಕು ಕಲೆ.

"ತಲೆ ಇಲ್ಲದೆ ಇದು ಯಾವ ಮೀನು ಅಂತ ಹೇಗೆ ಹೇಳ್ತೀಯಾ? ಈ ತಿಂಗಳೊಳಗೆ ಏನೂ ಆಗದಿದ್ರೆ ವಿಷಯ ಬದಲಾಯಿಸಿಕೋ" ಎಂದು ಗೈಡ್ ಮೇಡಂ ಹಿಂದಿನ ದಿನವಷ್ಟೇ ಹೇಳಿದ್ದರು. ಹೊಸ ವಿಷಯವೆಂದರೆ ಮತ್ತೆ ಮೊದಲಿನಿಂದ. ಎಲ್ಲಕ್ಕಿಂತ ಹೆಚ್ಚಾಗಿ, ಆ ಮೀನಿನ ಮೇಲೆ ಅವಳಿಗೆ ಜೀವ!

ಈಗ ನೋಡಿದರೆ ಅದೇ ಮೀನು ಯಾರದೋ ಹಾಳೆಯ ಮೇಲೆ. ಅದೇ ಸೊಟ್ಟ ಬಾಲ, ಅದೇ ಮುರಿದ ಪಕ್ಕೆಲುಬು, ನಡುವೆ ಹಾದುಹೋದ ಅದೇ ಬಿರುಕು. ಅವಳ ಚಿತ್ರದಲ್ಲಿ ಮೀನು ಬಲಕ್ಕೆ ಮುಖ ಮಾಡಿತ್ತು, ಇಲ್ಲಿ ಎಡಕ್ಕೆ.

'ತಿರುಗಿಸಿಬಿಟ್ಟರೆ ಗೊತ್ತಾಗಲ್ಲ ಅಂದ್ಕೊಂಡಿದ್ದಾನೆ... ಎಂಥಾ ಚಾಲಾಕಿ!'

"ಏನಿದು? ಎಲ್ಲಿಂದ ಬಂತು ನಿಮಗೆ?" ಅವಳು ಗದರಿದಳು.

"ಅದಾ? ಅದು ಪಡಿಯಚ್ಚು" ಎಂದ ಅವನು, ನಗುತ್ತಲೇ.

ಪಡಿಯಚ್ಚು! ಅಮ್ಮನ ಪಡಿಯಚ್ಚು, ಅಪ್ಪನ ಪಡಿಯಚ್ಚು ಅನ್ನುತ್ತೇವಲ್ಲ, ಅದೇ. ಅಂದರೆ ತದ್ರೂಪ. ಅಂದರೆ ನಕಲು!

"ನಕಲು ಮಾಡಿದ್ದೂ ಅಲ್ದೆ ನಗ್ತಾ ಬೇರೆ ಹೇಳ್ತೀರಾ?"

"ಅಯ್ಯೋ, ಹಾಗಲ್ಲ... ಒಂದ್ನಿಮಿಷ ಕೇಳಿ..."

ಕೇಳುವುದೆಲ್ಲಿ? ಮನೆಯಲ್ಲಿ ಅವಳ ಅಡ್ಡಹೆಸರೇ ಕಡ್ಡಿ. ಮೈ ಸಣ್ಣಗಿದ್ದದ್ದಕ್ಕೆ ಅರ್ಧ, ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಿದ್ದದ್ದಕ್ಕೆ ಅರ್ಧ. ಅವಳು ಹಾಳೆ ಹಿಡಿದು ನೆಟ್ಟಗೆ ಎಲ್ಲರೂ ಕೂತಿದ್ದ ಚಹಾದ ಕೋಣೆಗೆ ನುಗ್ಗಿದಳು. ಈ ಸಲ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ಹೇಳಿದಳು. ನನ್ನ ಕೆಲಸ ಕದ್ದಿದ್ದಾನೆ, ಇವನು ಕಳ್ಳ, ಎಂದಳು.

ಕಪ್ಪುಗಳು ಮೇಜಿಗಿಳಿದವು. ಬಾಗಿಲಲ್ಲಿ ನಿಂತಿದ್ದ ಅವನ ನಗು ಮಾಯವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಮುಖವಲ್ಲ ಅದು. ಆದರೆ ಅದನ್ನು ನೋಡುವಷ್ಟು ವ್ಯವಧಾನ ಆಗ ಅವಳಿಗಿರಲಿಲ್ಲ.

ಮೇಡಂ ಎದ್ದು ಬಂದು ಇಬ್ಬರನ್ನೂ ನೋಡಿದರು. "ನಾಳೆ ಬೆಳಿಗ್ಗೆ ಇಬ್ಬರೂ ನಿಮ್ಮ ನಿಮ್ಮ ಕಲ್ಲು ತಗೊಂಡು ನನ್ನ ಮೇಜಿಗೆ ಬನ್ನಿ" ಎಂದಷ್ಟೇ ಹೇಳಿ ಹೋದರು.

ಅವನದೂ ಒಂದು ಕಲ್ಲಿದೆಯೇ? ಅವಳಿಗೆ ಒಂದು ಕ್ಷಣ ಏನೋ ಚುಚ್ಚಿದಂತಾಯಿತು. ಸಿಟ್ಟು ಅದನ್ನು ಅಲ್ಲೇ ಅದುಮಿಹಾಕಿತು.

ಸಂಜೆ ಕೋಣೆಯಲ್ಲಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದಳು.

"ನೋಡೋಕೆ ಹೇಗಿದ್ದಾನೆ, ನಿನ್ನ ಮೀನುಗಳ್ಳ?" ಅಕ್ಕ ಬಟ್ಟೆ ಮಡಚುತ್ತ ಕೇಳಿದಳು.

"ಅಕ್ಕಾ! ನಾನು ಏನು ಹೇಳ್ತಿದ್ದೀನಿ, ನೀನು ಏನು ಕೇಳ್ತಿದ್ದೀಯಾ?"

"ಕನ್ನಡದ ಹುಡುಗ ಅಂದ್ಯಲ್ಲ, ಅದಕ್ಕೆ ಕೇಳಿದೆ. ಆಯ್ತು ಬಿಡೇ ಕಡ್ಡಿ. ಕದ್ದಿದ್ದಾನೆ ಅನ್ನೋಕೆ ಸಾಕ್ಷಿ ಇದೆ ತಾನೆ?"

ಸಾಕ್ಷಿ! ಫೋನಿಟ್ಟು ಅವಳು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಹರಡಿಕೊಂಡಳು. ಕೆಂಪು ಪೆನ್ನು ಹಿಡಿದು ಒಂದೇ ಥರ ಇದ್ದಲ್ಲೆಲ್ಲ ಗುರುತು ಹಾಕುತ್ತ ಹೋದಳು. ಬಾಲ... ಗುರುತು. ಬೆನ್ನಿನ ರೆಕ್ಕೆ... ಗುರುತು. ಪಕ್ಕೆಲುಬು... ಬಿರುಕು... ತಲೆ...

ಪೆನ್ನು ನಿಂತಿತು.

ಅವನ ಚಿತ್ರದಲ್ಲಿ ಮೀನಿಗೆ ತಲೆ ಇತ್ತು. ಕಣ್ಣಿನ ಸುತ್ತಲಿನ ಮೂಳೆಯ ಬಳೆ ಇತ್ತು. ದವಡೆಯಿತ್ತು, ದವಡೆಯಲ್ಲಿ ಸಾಸಿವೆಗಿಂತ ಸಣ್ಣ ಹಲ್ಲುಗಳಿದ್ದವು!

ಅವಳ ಚಿತ್ರದಲ್ಲಿ ಹಲ್ಲಿಲ್ಲ. ಇಲ್ಲದ್ದನ್ನು ಕದಿಯುವುದು ಹೇಗೆ?

ಇಂಥ ಕಲ್ಲು ಪುಸ್ತಕ ತೆರೆದ ಹಾಗೆ ಎರಡು ಹಲಗೆಯಾಗಿ ಬಿರಿಯುತ್ತದೆ. ಒಳಗಿದ್ದ ಮೀನು ಒಂದಿಷ್ಟು ಈ ಹಲಗೆಗೆ, ಒಂದಿಷ್ಟು ಆ ಹಲಗೆಗೆ ಅಂಟಿಕೊಳ್ಳುತ್ತದೆ. ಒಂದರಲ್ಲಿ ಬಲಕ್ಕೆ ಮುಖ ಮಾಡಿದ ಮೀನು ಇನ್ನೊಂದರಲ್ಲಿ ಎಡಕ್ಕೆ ಮುಖ ಮಾಡಿರುತ್ತದೆ. ಇದು ಮೊದಲ ತಿಂಗಳ ಪಾಠ. ಒಂದು ಅಚ್ಚು. ಇನ್ನೊಂದು ಅದರ ಎದುರಚ್ಚು, ಅದರ...

"ಪಡಿಯಚ್ಚು" ಎಂದು ಅವಳು ಗಟ್ಟಿಯಾಗಿಯೇ ಅಂದುಬಿಟ್ಟಳು. ಅವನು ನಕಲು ಎನ್ನಲಿಲ್ಲ. ತನ್ನ ಕಲ್ಲು ಒಂದು ಕಲ್ಲಿನ ಇನ್ನರ್ಧ ಎಂದಿದ್ದ!

'ದೇವರೇ... ಎಷ್ಟು ಜನರ ಮುಂದೆ ಅಂದುಬಿಟ್ಟೆ!'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಅದನ್ನು ಸಾವಿರ ಸಲ ಹೇಳಿದ್ದಳು. ಕೇಳಿಸಿಕೊಂಡವರು ಯಾರು? ಅವಳು ಚಪ್ಪಲಿ ಮೆಟ್ಟಿಕೊಂಡು ಪ್ರಯೋಗಾಲಯಕ್ಕೆ ಓಡಿದಳು.

ಅವನು ಅಲ್ಲಿದ್ದ. ಕಲ್ಲಿಗೆ ಸ್ಪಂಜು ಸುತ್ತಿ ಪೆಟ್ಟಿಗೆಯೊಳಗೆ ಇಳಿಸುತ್ತಿದ್ದ.

"ಏನು ಮಾಡ್ತಿದ್ದೀರಿ?"

"ಪ್ಯಾಕ್ ಮಾಡ್ತಿದ್ದೀನಿ." ಅವನು ತಲೆ ಎತ್ತಲಿಲ್ಲ. "ಇದು ನಾನು ಓದೋ ಊರಿನ ಮ್ಯೂಸಿಯಂದು. ಇಲ್ಲಿ ಒಳ್ಳೆ ಮೈಕ್ರೋಸ್ಕೋಪ್ ಇದೆ ಅಂತ ಆರು ತಿಂಗಳಿಗೆ ಬಂದಿದ್ದೆ. ಬಂದ ದಿನವೇ ಕಳ್ಳ ಅನ್ನೋ ಬಿರುದು ಸಿಕ್ತು. ನಾಳೆ ಮೇಡಂಗೆ ತೋರಿಸಿ ಹೊರಡ್ತೀನಿ."

"ಹೋಗ್ಬೇಡಿ."

"ಯಾಕೆ? ಪೊಲೀಸರು ಬರ್ತಾರಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಗೆದ್ದದ್ದು ಅಳು.

"ತಪ್ಪಾಯ್ತು... ನೀವು ಪಡಿಯಚ್ಚು ಅಂದಾಗ ನಾನು ನಕಲು ಅಂದ್ಕೊಂಡೆ. ನಮ್ಮ ಪಾಠದಲ್ಲಿ ಆ ಮಾತಿಗೆ ಕನ್ನಡ ಇದೆ ಅಂತ ನನಗೆ ಹೊಳೀಲೇ ಇಲ್ಲ."

ಅವನ ಕೈ ನಿಂತಿತು. "ಇಲ್ಲ, ಅದು ನಾನೇ ಇಟ್ಟ ಹೆಸರು. ಈ ದೇಶದಲ್ಲಿ ಕನ್ನಡ ಮಾತಾಡೋಕೆ ಯಾರೂ ಇಲ್ಲವಲ್ಲ. ಮರೆತುಹೋಗುತ್ತೆ ಅಂತ ಹೆದರಿ ಪಾಠದ ಪದಕ್ಕೆಲ್ಲ ಕನ್ನಡ ಹುಡುಕಿ ನನ್ನಷ್ಟಕ್ಕೆ ಹೇಳ್ಕೊಳ್ತಿರ್ತೀನಿ. ನೀವು ಕನ್ನಡದಲ್ಲಿ ಕೂಗಿದ್ದು ಕೇಳಿ ಖುಷಿಗೆ ಅದೇ ಬಾಯಿಗೆ ಬಂತು. ಬೈಗುಳ ಅಂತ ಗೊತ್ತಾಗೋಕೇ ಸ್ವಲ್ಪ ಹೊತ್ತು ಬೇಕಾಯ್ತು ನನಗೆ."

ಅವಳ ಕಣ್ಣು ಮತ್ತೆ ತುಂಬಿತು. ಇಷ್ಟು ಒಂಟಿಯಾಗಿದ್ದವನ ಮೇಲೆ ತಾನು ಹರಿಹಾಯ್ದೆನಲ್ಲ!

ಮರುದಿನ ಬೆಳಿಗ್ಗೆ ಅವಳು ಮೇಡಂ ಮೇಜಿಗೆ ಹೋಗುವ ಮೊದಲು ಚಹಾದ ಕೋಣೆಗೆ ಹೋದಳು. ನಿನ್ನೆ ಕೂತಿದ್ದವರೆಲ್ಲ ಇದ್ದರು. ಅಷ್ಟೇ ಗಟ್ಟಿಯಾಗಿ ಹೇಳಿದಳು: ಇವರು ಕಳ್ಳರಲ್ಲ, ದುಡುಕಿದವಳು ನಾನು, ಕ್ಷಮೆ ಕೇಳುತ್ತಿದ್ದೇನೆ. ಅವನು ಬಾಗಿಲಲ್ಲಿ ನಿಂತು ಕಿವಿಯವರೆಗೂ ಕೆಂಪಾದ.

ಮೇಡಂ ಎರಡು ಕಲ್ಲನ್ನೂ ಎದುರುಬದುರಿಟ್ಟು ಮೆಲ್ಲಗೆ ಒಂದರ ಮೇಲೊಂದು ಕೂರಿಸಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತವು. ನೂರು ವರ್ಷದ ಹಿಂದೆ ಒಂದೇ ಗಣಿಯಲ್ಲಿ ಬಿರಿದು, ಇಬ್ಬರು ಸಂಗ್ರಾಹಕರ ಕೈಸೇರಿ, ಎರಡು ಊರು ಕಂಡ ಕಲ್ಲುಗಳು! ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಈಗ ಹೇಳಿ, ಮೀನು ಯಾರದು?"

"ಅವರಿಗೇ ಕೊಡಿ, ನಾನು ಬೇರೆ ವಿಷಯ ತಗೊಳ್ತೀನಿ" ಎಂದ ಅವನು.

"ಯಾಕೆ? ನಾನೇನು ದಾನ ಕೇಳಿದ್ನಾ?" ಅವಳು ಸಿಡುಕಿದಳು. "ತಲೆ ನೀವು ಬರೀರಿ. ಮೈ ನಾನು ಬರೀತೀನಿ."

ಹಾಗೆಯೇ ಆಯಿತು. ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಎರಡು ಮೈಕ್ರೋಸ್ಕೋಪು ಜೊತೆಯಾದವು. ಅವನು ಹಲ್ಲು ಎಣಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದ; ಅವಳು ಮೊಣಕೈಯಿಂದ ತಿವಿದು "ಉಸಿರಾಡಿ ಮಾರಾಯ್ರೇ, ಮೀನಿನ ಜೊತೆ ನೀವೂ ಕಲ್ಲಾಗ್ತೀರಿ" ಎನ್ನುತ್ತಿದ್ದಳು. ಕಿವಿರಿನ ಮುಚ್ಚಳಕ್ಕೆ ಕನ್ನಡ ಹುಡುಕುತ್ತ ಒಂದು ಮಧ್ಯಾಹ್ನವಿಡೀ ಜಗಳವಾಡಿದರು. ಅವನಿಗೆ ನೆಗಡಿಯಾದಾಗ ಬಿಸಿ ಸೂಪು ಕೊಟ್ಟು ಬಂದಳು. ಅವಳ ಸೂಜಿಯ ತುದಿಗಳನ್ನು ಅವನು ಹೇಳಿಸಿಕೊಳ್ಳದೆಯೇ ಚೂಪು ಮಾಡಿಡುತ್ತಿದ್ದ.

"ಅವನು ಏನಾದ್ರೂ ಹೇಳಿದ್ನಾ?" ಅಕ್ಕ ಪ್ರತಿ ವಾರ ಕೇಳುತ್ತಿದ್ದಳು.

"ಮೇಲ್ದವಡೆಯಲ್ಲಿ ಎರಡು ಸಾಲು ಹಲ್ಲಿದೆ ಅಂದ."

"ಹಾಳಾಗಿ ಹೋಗ್ಲಿ! ಹೆಣ್ಣಿನ ಮನಸ್ಸು ಮೀನಿನ ಹೆಜ್ಜೆ ಅಂತಾರೆ. ಇವನ ಮನಸ್ಸು ಮೀನಿನ ಹಲ್ಲೇ ಸರಿ."

ಅವಳು ನಕ್ಕಳು. ತನಗೆ ಅವನೆಂದರೆ ಇಷ್ಟ. ತುಂಬಾ ಇಷ್ಟ! ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲವನ್ನೂ ಕಡ್ಡಿ ಮುರಿದಂತೆ ಹೇಳುವವಳಿಗೆ ಇದೊಂದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಒಮ್ಮೆ ದುಡುಕಿ ಅವನನ್ನು ನೋಯಿಸಿದವಳು... ಮತ್ತೆ ದುಡುಕಿದರೆ?

ಪ್ರಬಂಧ ಒಪ್ಪಿಸಿದ ವಾರವೇ ಮ್ಯೂಸಿಯಂನಿಂದ ಅವನಿಗೆ ಫೋನು ಬಂತು. ಅವಧಿ ಮುಗಿಯಿತು, ಕಲ್ಲು ವಾಪಸ್ ಬರಬೇಕು. ಅವನಿಗೆ ಅಲ್ಲೇ ಕೆಲಸವೂ ಸಿಕ್ಕಿತ್ತು.

"ಶನಿವಾರ ರೈಲು" ಎಂದ ಅವನು. ಇನ್ನೇನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಮೇಜನ್ನು ಒರೆಸತೊಡಗಿದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ.

ಮತ್ತೆ ಎರಡು ಊರು. ಮತ್ತೆ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಅವಳು ಎದ್ದು ಮೇಡಂ ಕೋಣೆಗೆ ಹೋದಳು.

ಶನಿವಾರ ಸ್ಟೇಷನ್ನಿನಲ್ಲಿ ಅವನು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಅವಳು ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಇನ್ನೊಂದು ಪೆಟ್ಟಿಗೆ!

"ಇದೇನು?"

"ನನ್ನ ಕಲ್ಲು. ಇದನ್ನೂ ಆ ಮ್ಯೂಸಿಯಂಗೇ ಕೊಟ್ಟುಬಿಡಿ ಅಂತ ಮೇಡಂನ ಕೇಳ್ಕೊಂಡೆ. ಅವರು ಫೋನಲ್ಲೇ ಎಲ್ಲರನ್ನೂ ಒಪ್ಪಿಸಿದ್ರು. ಇನ್ಮೇಲೆ ಎರಡೂ ಒಂದೇ ಕಡೆ ಇರುತ್ತೆ."

ಅವನು ಅವಳನ್ನೇ ನೋಡಿದ. "ನಿಮ್ಮ ಮೀನು! ಅದಕ್ಕಾಗಿ ನೀವು ಎಷ್ಟೆಲ್ಲ..."

"ಹೂಂ. ಕೊಟ್ಟುಬಿಟ್ಟೆ." ಅವಳು ಪೆಟ್ಟಿಗೆಯನ್ನು ಅವನ ಕೈಗಿತ್ತಳು. "ನನಗೆ ಅದಕ್ಕಿಂತ ಬೇಕಾದದ್ದು ಇನ್ನೊಂದಿದೆ. ಆ ಮ್ಯೂಸಿಯಂನಲ್ಲಿ ಸಂಶೋಧನೆಗೆ ಒಂದು ಜಾಗ ಖಾಲಿ ಇದೆಯಂತೆ, ಮೇಡಂ ನನ್ನ ಹೆಸರು ಹೇಳಿದ್ದಾರೆ. ಮ್ಯೂಸಿಯಂನವರೂ ಒಪ್ಪಿದ್ದಾರೆ. ಆದ್ರೆ ನಾನಿನ್ನೂ ಒಪ್ಪಿಲ್ಲ. ನಿಮ್ಮನ್ನ ಕೇಳದೆ... ಸುಮ್ನೆ ಬಂದು ಎದುರಿಗೆ ನಿಂತ್ರೆ ನಿಮಗೆ ಕಷ್ಟ ಆಗ್ಬಾರ್ದಲ್ಲ."

"ಕಷ್ಟಾನಾ?" ಅವನು ಎದ್ದು ನಿಂತ. ಎರಡು ಪೆಟ್ಟಿಗೆಯನ್ನೂ ಜೋಪಾನವಾಗಿ ಬೆಂಚಿನ ಮೇಲಿಟ್ಟ. "ಆ ಫೋನು ಬಂದ ದಿನದಿಂದ ಬನ್ನಿ ಅಂತ ಕರೀಬೇಕು ಅಂತಿದ್ದೆ. ಮೀನು ಬಿಟ್ಟು ಬರ್ತೀರಾ ಅಂತ ಕೇಳೋ ಧೈರ್ಯ ಇರಲಿಲ್ಲ. ನನಗೆ ನೀವಂದ್ರೆ ಇಷ್ಟ ಕಣ್ರೀ... ಬೈದ ದಿನದಿಂದ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳದೆ ನಕ್ಕಳು.

"ಇಷ್ಟು ಹೇಳೋಕೆ ಆರು ತಿಂಗಳಾ?"

"ಮಾತು ಹುಡುಕ್ತಿದ್ದೆ."

"ಹುಡುಕಿದ್ದಾಯ್ತಲ್ಲ, ಇನ್ನಾದ್ರೂ ಆ 'ಕಣ್ರೀ' ಬಿಡ್ತೀಯಾ?"

ಅವನು ಬೆಚ್ಚಿದ. ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು!

ರೈಲು ಬಂದು ನಿಂತಿತು. ಅವನು ಅವಳ ಕೈ ಹಿಡಿದುಕೊಂಡ.

"ಸರಿ ಕಣೇ" ಎಂದ, ಮೆಲ್ಲಗೆ. "ಬೇಗ ಬಾ."